ಉದ್ದದ ಪೋಲಿಷ್ ಪದವನ್ನು ಬಾಲದಿಂದ ಹಿಡಿಯಿರಿ

ಪೋಲೆಂಡಿಗೆ ಓದಲು ಹೊರಟವರು ಉದ್ದದ ಪೋಲಿಷ್ ಪದ ಕಂಡರೆ ಮೊದಲ ತುಂಡನ್ನೇ ಗುದ್ದಿ ಓದುತ್ತಾರೆ. ಆಮೇಲಿನದು ಬರೀ ಗೊಣಗಾಟ. ನಿಜವಾದ ಒತ್ತು ಇರುವುದು ಇನ್ನೊಂದು ತುದಿಯಲ್ಲಿ.

ಉದಾಹರಣೆಗೆ, 99 ವರ್ಷದವರಿಗೆ ಹೇಳುವ ಪದ: ಜೆವ್ಯೆಂಚ್‌ಜೆಶೆಂಚೊಜೆವ್ಯೆಂಚೊಲೆತ್ನಿ. ಪೋಲಿಷ್‌ನಲ್ಲಿ ಬರೆದರೆ dziewięćdziesięciodziewięcioletni, 33 ಅಕ್ಷರ.

ಮೊದಲ ಹೆಜ್ಜೆ, ಸ್ವರ ಎಣಿಸಿ. ಎಡವುವುದು ಇಲ್ಲೇ. ಈ ಪದದಲ್ಲಿ ಸ್ವರಾಕ್ಷರಗಳು 18 ಇವೆ, ಉಚ್ಚಾರಾಂಶ ಮಾತ್ರ 10. ಮಿಕ್ಕ 8 ಎಲ್ಲಿ ಹೋದವು? ಅವೆಲ್ಲ 'ಐ' (i) ಅಕ್ಷರಗಳು. ಇನ್ನೊಂದು ಸ್ವರಕ್ಕಿಂತ ಮೊದಲು ಬಂದ 'ಐ' ಹಿಂದಿನ ವ್ಯಂಜನವನ್ನು ಮೆದು ಮಾಡುತ್ತದೆ, ಅಷ್ಟೇ. ಅದಕ್ಕೆ ತನ್ನದೇ ತಾಳವಿಲ್ಲ. ಪೆನ್ಸಿಲ್ ತಗೊಂಡು ಅವನ್ನೆಲ್ಲ ಹೊಡೆದುಹಾಕಿ. ಕೊನೆಯ 'ನಿ'ಯ 'ಐ' ಹಾಗೇ ಬಿಡಿ, ಅದರ ನಂತರ ಸ್ವರ ಇಲ್ಲವಲ್ಲ, ಅದು ಲೆಕ್ಕಕ್ಕೆ ಬರುತ್ತದೆ.

ಈಗ ಒಡೆಯಿರಿ: ಜೆ-ವ್ಯೆಂಚ್-ಜೆ-ಶೆಂ-ಚೊ-ಜೆ-ವ್ಯೆಂ-ಚೊ-ಲೆತ್-ನಿ. 'ಡಿ-ಜೆಡ್', 'ಎಸ್-ಜೆಡ್', 'ಸಿ-ಜೆಡ್' ಜೋಡಿಗಳನ್ನು ಸೀಳಬೇಡಿ. ಉಪಸರ್ಗ ಬೆಸೆದ ಜಾಗದಲ್ಲಿ ಮಾತ್ರ ಬೇರೆ ಮಾತು. ನೆಲದಡಿಯ ದಾರಿಯ ಫಲಕದಲ್ಲಿ ಕಾಣುವ 'ಪೊದ್‌ಝೆಮ್ನೆ' (podziemne) ಪದದಲ್ಲಿ 'ಪೊದ್' ಉಪಸರ್ಗ. ಹಾಗಾಗಿ 'ಡಿ' ಅದರ ಜೊತೆ, 'ಜೆಡ್' ಮುಂದಿನದರ ಜೊತೆ.

ಒತ್ತು ಕೊನೆಯಿಂದ ಎರಡನೆಯದಕ್ಕೆ, ಅಂದರೆ 'ಲೆತ್'ಗೆ. ಮೊದಲ 'ಜೆ'ಗೆ ಸಣ್ಣದೊಂದು ಒತ್ತು ಸಾಕು. ಒತ್ತು ಎಂದರೆ ದೀರ್ಘ ಅಲ್ಲ. ಪೋಲಿಷ್‌ನಲ್ಲಿ ಹ್ರಸ್ವ-ದೀರ್ಘದ ಭೇದವೇ ಇಲ್ಲ, 'ಲೇತ್' ಅಂತ ಎಳೆಯಬೇಡಿ.

ಅಭ್ಯಾಸವನ್ನು ಬಾಲದಿಂದಲೇ ಮಾಡಿ: ಲೆತ್ನಿ, ಚೊಲೆತ್ನಿ, ವ್ಯೆಂಚೊಲೆತ್ನಿ. ಮುಂದಿನಿಂದ ಶುರು ಮಾಡಿದರೆ ಒತ್ತು ಬರುವ ಹೊತ್ತಿಗೆ ಉಸಿರೇ ಇರಲ್ಲ. ಆ್ಯಪ್‌ಗಳಲ್ಲಿ ನಿಧಾನ ಮಾಡಿ ಕೇಳಿಸುವ ಗುಂಡಿಯನ್ನು ಸುಮ್ನೆ ಬಿಟ್ಟುಬಿಡಿ, ಅದು ಎಲ್ಲ ತುಂಡನ್ನೂ ಸಮ ಎಳೆದು ಒತ್ತನ್ನೇ ಮಸುಕಾಗಿಸಬಹುದು.

ಇನ್ನು ತಂಟೆಕೋರರು. 'ಮತೆಮತಿಕ', 'ಉನಿವೆರ್ಸಿತೆತ್' ಇವುಗಳಲ್ಲಿ ಒತ್ತು ಕೊನೆಯಿಂದ ಮೂರನೆಯದಕ್ಕೆ: ಮತೆ'ಮ'ತಿಕ, ಉನಿ'ವೆರ್'ಸಿತೆತ್. 'ನಾವು ಮಾಡಿದೆವು' ಎನ್ನುವ 'ಝ್ರೊಬಿಲಿಶ್ಮಿ'ಯಲ್ಲೂ ಹಾಗೇ, ಒತ್ತು 'ಬಿ'ಗೆ. ಪೋಲಿಷರೇ ಮಾತಿನಲ್ಲಿ ಎಷ್ಟೋ ಸಲ ಇವನ್ನು ಎರಡನೆಯದಕ್ಕೆ ಇಳಿಸುತ್ತಾರೆ. ಆದರೂ ನೀವು ಮೂರನೆಯದನ್ನೇ ಕಲಿಯಿರಿ. ವಿಭಕ್ತಿ ಸೇರಿ ಪದ ಬೆಳೆದರೆ ಹಳೆಯ ನಿಯಮವೇ: ಉನಿವೆರ್ಸಿ'ತೆ'ತು.