ಅಕ್ವೇರಿಯಂಗೆ ಮರಳು, ಅಂಟು: ತರುವ ಮುಂಚೆ ನೋಡಿಕೊಳ್ಳಿ

ಮನೆ ಕಟ್ಟಲು ತಂದ ಎಂ-ಸ್ಯಾಂಡ್ ಉಳಿದಿದೆ ಅಂತ ತೊಟ್ಟಿಗೆ ಸುರಿಯಬೇಡಿ. ಅದು ಕಲ್ಲು ಒಡೆದು ಮಾಡಿದ್ದು, ಅಂಚು ಚೂಪು. ತಳ ಕೆದಕಿ ತಿನ್ನುವ ಕೋರಿಡೋರಾಸ್‌ನಂಥ ಮೀನುಗಳ ಮೀಸೆ ಸವೆದು ಹೋಗಬಹುದು. ಕಡಲ ಮರಳೂ ಬೇಡ, ಅದರಲ್ಲಿರುವ ಚಿಪ್ಪಿನ ಚೂರು ನೀರನ್ನು ಗಡಸು ಮಾಡುತ್ತದೆ.

ನದಿ ಮರಳಾದರೆ ಒಂದು ಚಮಚ ಒಣ ಮರಳಿಗೆ ವಿನೆಗರ್ ಹಾಕಿ ನೋಡಿ. ಸಣ್ಣ ಗುಳ್ಳೆಗಳು ಬುಸಬುಸ ಎದ್ದರೆ ಸುಣ್ಣದ ಅಂಶವಿದೆ, ಬಿಟ್ಟುಬಿಡಿ. 60×30 ಸೆಂ.ಮೀ. ತಳಕ್ಕೆ 3 ಸೆಂ.ಮೀ. ದಪ್ಪ ಹಾಸಲು ಸುಮಾರು 8–9 ಕೆ.ಜಿ. ಬೇಕು. ಬಕೆಟ್ಟಿನಲ್ಲಿ ಸ್ವಲ್ಪಸ್ವಲ್ಪವೇ ಹಾಕಿ, ಕೈಯಾಡಿಸಿ, ನೀರು ತಿಳಿಯಾಗುವವರೆಗೆ ತೊಳೆಯಿರಿ. ಸೋಪು ಖಂಡಿತ ಮುಟ್ಟಿಸಬೇಡಿ.

ತೊಟ್ಟಿಯ ಗಾಜು ಅಂಟಿಸಲು ಹುಳಿ ವಾಸನೆ ಬರುವ 100% ಅಸಿಟಾಕ್ಸಿ ಸಿಲಿಕೋನ್ ಅಂಟು ಬೇಕು. ಆದರೆ ವಾಸನೆಯೊಂದನ್ನೇ ನಂಬಬೇಡಿ: ಬಾತ್‌ರೂಮಿನ ಸಿಲಿಕೋನ್‌ಗೂ ಅದೇ ವಾಸನೆ ಇರಬಹುದು, ಅದರಲ್ಲಿರುವ ಬೂಷ್ಟುನಾಶಕ ಮೀನಿಗೆ ವಿಷ. ಟ್ಯೂಬಿನ ಮೇಲೆ ಅಕ್ವೇರಿಯಂಗೆ ಸೂಕ್ತ ಅಂತ ಬರೆದಿರಲೇಬೇಕು.

ಸೋರುವ ಕಡೆ ಹಳೆಯದರ ಮೇಲೇ ಹೊಸದು ಬಳಿದರೆ ಹಿಡಿಯುವುದಿಲ್ಲ. ಒಣಗಿದ ಸಿಲಿಕೋನ್‌ಗೆ ಹೊಸದು ಅಂಟದು. ಒಳಗಿನ ಹಳೆ ಪಟ್ಟಿಯನ್ನು ಬ್ಲೇಡಿನಿಂದ ಪೂರ್ತಿ ಕೆರೆದು, ಐಸೋಪ್ರೊಪೈಲ್ ಆಲ್ಕೋಹಾಲ್‌ನಿಂದ ಒರೆಸಿ, ಆಮೇಲೆ ಹಾಕಿ. ಮುಟ್ಟಿದರೆ ಒಣಗಿದಂತೆ ಕಂಡರೂ ಒಳಗೆ ಹಸಿ ಇರುತ್ತದೆ. ಕನಿಷ್ಠ 72 ಗಂಟೆ, ದಪ್ಪ ಜೋಡಣೆಯಾದರೆ ಒಂದು ವಾರ ಬಿಟ್ಟು, ಹುಳಿ ವಾಸನೆ ಪೂರ್ತಿ ಹೋದ ಮೇಲೆ ನೀರು ತುಂಬಿ.

ಅನುಬಿಯಾಸ್ ಗಿಡವನ್ನು ಕಲ್ಲಿಗೋ ಮರದ ಕೊರಡಿಗೋ ಕೂರಿಸಲು ಸೈನೋಅಕ್ರಿಲೇಟ್ ಜೆಲ್ (ಗಟ್ಟಿ ಸೂಪರ್ ಗ್ಲೂ) ಸಾಕು, ಒಂದೆರಡು ಹನಿ.