ಮ್ಯಾಕ್ರೋ ಫೋಟೊ: ಫೋಕಸ್ ರಿಂಗ್ ಬಿಡಿ, ನೀವೇ ಹಿಂದೆ ಮುಂದೆ ಸರಿಯಿರಿ

ಹುಳಹುಪ್ಪಟೆಯಂಥ ಪುಟ್ಟದ್ದನ್ನು ತೀರಾ ಹತ್ತಿರದಿಂದ ದೊಡ್ಡದಾಗಿ ತೆಗೆಯುವ ಮ್ಯಾಕ್ರೋ ಲೆನ್ಸನ್ನು ಹೊಸದಾಗಿ ಕೊಂಡವರು ಸ್ವಲ್ಪ ದಿನಕ್ಕೇ ‘ಲೆನ್ಸ್‌ನಲ್ಲೇ ಏನೋ ತೊಂದರೆ ಇದೆ’ ಎಂದು ಗೊಣಗುತ್ತಾರೆ. ಅವರು ತೆಗೆದ ಫೋಟೊ ನೋಡಿದರೆ ಜೇಡದ ಬೆನ್ನಿನ ಕೂದಲು ಎಣಿಸುವಷ್ಟು ಸ್ಪಷ್ಟ, ಕಣ್ಣು ಮಾತ್ರ ಮಸುಕು. ಲೆನ್ಸ್ ಪಾಪ ಏನು ಮಾಡೀತು? ಆಟೊಫೋಕಸ್ ನಂಬಿದ್ದೇ ಎಡವಟ್ಟು.

ಮೊದಲು ಲೆನ್ಸ್ ವಿಚಾರ. ಅದರ ಮೇಲೆ 1:1 ಎಂದಿರಬೇಕು. ಹುಳ ಎಷ್ಟು ದೊಡ್ಡದೋ ಸೆನ್ಸರ್ (ಕ್ಯಾಮೆರಾದೊಳಗೆ ಚಿತ್ರ ಹಿಡಿಯುವ ಚಿಪ್) ಮೇಲೂ ಅಷ್ಟೇ ದೊಡ್ಡದಾಗಿ ಮೂಡುತ್ತದೆ ಎಂದರ್ಥ. 36 ಮಿ.ಮೀ. ಅಗಲದ ಸೆನ್ಸರ್ ಇರುವ ಫುಲ್ ಫ್ರೇಮ್ ಕ್ಯಾಮೆರಾ ಆದರೆ 36 ಮಿ.ಮೀ. ಉದ್ದದ ಹುಳ ಫ್ರೇಮ್ ತುಂಬುತ್ತದೆ. ಜೂಮ್ ಲೆನ್ಸ್ ಮೇಲೆ ಸುಮ್ನೆ ‘ಮ್ಯಾಕ್ರೋ’ ಎಂದು ಬರೆದಿದ್ದರೆ ಮರುಳಾಗಬೇಡಿ. ಹುಳಹುಪ್ಪಟೆಗೆ 100 ಮಿ.ಮೀ. ಲೆನ್ಸೇ ಸರಿ. ಲೆನ್ಸ್ ತುದಿಗೂ ಹುಳಕ್ಕೂ ನಡುವೆ ಅರ್ಧ ಗೇಣಿಗಿಂತ ಜಾಸ್ತಿ ಜಾಗ ಉಳಿಯುತ್ತದೆ. ದುಡ್ಡು ಸಾಲದಿದ್ದರೆ ಇರುವ ಲೆನ್ಸ್‌ಗೂ ಕ್ಯಾಮೆರಾಗೂ ನಡುವೆ ಎಕ್ಸ್‌ಟೆನ್ಷನ್ ಟ್ಯೂಬ್ ಹಾಕಿ. ಅದರೊಳಗೆ ಗಾಜೇ ಇಲ್ಲ, ಖಾಲಿ ಕೊಳವೆ. ಆದರೆ ಲೆನ್ಸನ್ನೂ ಕ್ಯಾಮೆರಾವನ್ನೂ ವಿದ್ಯುತ್ತಿನಿಂದ ಬೆಸೆಯುವ ಕಾಂಟ್ಯಾಕ್ಟ್ ಪಿನ್ ಇರುವುದನ್ನೇ ಕೇಳಿ ತಗೊಳ್ಳಿ, ಇಲ್ಲದಿದ್ದರೆ ಈಗಿನ ಲೆನ್ಸ್‌ಗಳಲ್ಲಿ ಅಪರ್ಚರ್ (ಬೆಳಕು ಒಳಬರುವ ಕಿಂಡಿ) ಬದಲಿಸಲು ಆಗುವುದಿಲ್ಲ. ಮುಂದೆ ತಿರುಗಿಸಿ ಹಾಕುವ ಅಗ್ಗದ ಕ್ಲೋಸಪ್ ಫಿಲ್ಟರ್ ಸೆಟ್ ಮಾತ್ರ ಬೇಡವೇ ಬೇಡ. ಅಂಚೆಲ್ಲ ಕಲಸಿಹೋಗುತ್ತದೆ.

ಸೆಟಿಂಗ್: ಮ್ಯಾನುಯಲ್ ಮೋಡ್, ಎಫ್/11 (ಅಪರ್ಚರ್ ಅಳತೆ, ಅಂಕಿ ದೊಡ್ಡದಾದಷ್ಟೂ ಕಿಂಡಿ ಸಣ್ಣದು), ಶಟರ್ 1/200 ಸೆಕೆಂಡ್, ಐಎಸ್‌ಒ (ಬೆಳಕಿಗೆ ಸೆನ್ಸರ್‌ನ ಸೂಕ್ಷ್ಮತೆ) 400, ಜೊತೆಗೆ ಫ್ಲ್ಯಾಶ್.

ಇನ್ನು ಫೋಕಸ್. ಎಲ್ಲರೂ ಎಡವುವುದು ಇಲ್ಲೇ. 1:1ರಲ್ಲಿ ಎಫ್/2.8 ಇಟ್ಟರೆ ಸ್ಪಷ್ಟವಾಗಿ ಬರುವ ಆಳ ಅರ್ಧ ಮಿ.ಮೀ.ಗೂ ಕಮ್ಮಿ. ಎಫ್/11ಕ್ಕೆ ಹೋದರೂ ಸುಮಾರು ಒಂದೂಕಾಲು ಮಿ.ಮೀ., ಅಷ್ಟೇ. ನೀವು ಉಸಿರಾಡಿದರೂ ಕ್ಯಾಮೆರಾ ಅದಕ್ಕಿಂತ ಜಾಸ್ತಿ ಅಲ್ಲಾಡುತ್ತದೆ. ಹಾಗಾದರೆ ಎಫ್/22 ಇಡೋಣ ಅಲ್ವಾ? ಬೇಡ. ಅಷ್ಟು ಸಣ್ಣ ಕಿಂಡಿಯಲ್ಲಿ ಹಾಯುವಾಗ ಬೆಳಕು ಹರಡಿಕೊಂಡು ಇಡೀ ಚಿತ್ರವೇ ಮೆತ್ತಗಾಗುತ್ತದೆ.

ಲೆನ್ಸ್‌ನ ಫೋಕಸ್ ಸ್ವಿಚ್ಚನ್ನು ಮ್ಯಾನುಯಲ್‌ಗೆ ತಳ್ಳಿ. ಹುಳ ಎಷ್ಟು ದೊಡ್ಡದಾಗಿ ಬೇಕೋ ಅಲ್ಲಿಗೆ ರಿಂಗ್ ತಿರುಗಿಸಿ, ಆಮೇಲೆ ಅದನ್ನು ಮುಟ್ಟಬೇಡಿ. ಎಡಗೈ ಬೆರಳಲ್ಲಿ ಹುಳ ಕೂತ ಕಡ್ಡಿಯನ್ನು ಮೆಲ್ಲಗೆ ಹಿಡಿದು, ಅದೇ ಕೈಯ ಮೇಲೆ ಲೆನ್ಸ್ ಒರಗಿಸಿ. ಗಾಳಿ ಬೀಸಿದರೆ ಕಡ್ಡಿ, ಲೆನ್ಸ್ ಎರಡೂ ಒಟ್ಟಿಗೇ ಅಲ್ಲಾಡುತ್ತವೆ. (ಮಾವಿನ ಕೊಂಬೆಯಾದರೆ ಕೆಂಜಿಗ ಇದೆಯಾ ನೋಡಿ ಹಿಡಿಯಿರಿ.) ಈಗ ಇಡೀ ಮೈಯನ್ನು ಕೂದಲೆಳೆಯಷ್ಟು ಮುಂದೆ ತನ್ನಿ. ಮೊದಲು ಮೀಸೆ ಸ್ಪಷ್ಟವಾಗುತ್ತದೆ, ಆಮೇಲೆ ಮುಖ, ಆಮೇಲೆ ಕಣ್ಣಿನ ಹೊಳಪು. ಹೊಳಪು ಕಂಡ ಕ್ಷಣವೇ ಕ್ಲಿಕ್ಕಿಸಿ. ಸರಿಯುತ್ತಲೇ ನಾಲ್ಕೈದು ತೆಗೆಯಿರಿ, ಒಂದಾದರೂ ಸಿಗುತ್ತದೆ. ಹುಳದ ಬೆನ್ನಟ್ಟುವುದಾದರೆ ಟ್ರೈಪಾಡ್ ಮನೆಯಲ್ಲೇ ಇರಲಿ. ನೀವು ಅದರ ಕಾಲು ಬಿಚ್ಚುವಷ್ಟರಲ್ಲಿ ಹುಳ ಪಕ್ಕದ ಮನೆ ಸೇರಿರುತ್ತದೆ.

ರೆಕ್ಕೆ ಮುಚ್ಚಿ ಕೂತ ಚಿಟ್ಟೆಯಾದರೆ ಕ್ಯಾಮೆರಾದ ಬೆನ್ನು ರೆಕ್ಕೆಗೆ ಸಮಾನಾಂತರವಾಗಿರಲಿ. ಅದೇ ಎಫ್/11ರಲ್ಲಿ ರೆಕ್ಕೆ ಪೂರ್ತಿ ಸಿಗುತ್ತದೆ.

ಕೈ ಪಳಗಿಸಲು ಕರಿಬೇವಿನ ಗಿಡ ಹುಡುಕಿ. ಎಲೆ ಮೇಲೆ ಹಕ್ಕಿ ಹಿಕ್ಕೆಯ ಹಾಗೆ ಬಿದ್ದಿರುವುದು ಚಿಟ್ಟೆಯ ಎಳೆ ಹುಳು ಇರಬಹುದು. ಅದಕ್ಕೆ ಓಡುವ ಆತುರವಿಲ್ಲ. ಆಮೇಲೆ ಗೋಡೆ ಮೇಲಿನ ಜಿಗಿಯುವ ಜೇಡಕ್ಕೆ ಬನ್ನಿ. ಎಷ್ಟೋ ಸಲ ಅದೇ ತಿರುಗಿ ನಿಮ್ಮ ಲೆನ್ಸ್ ನೋಡುತ್ತದೆ.

ಫ್ಲ್ಯಾಶನ್ನು ಬರಿದಾಗಿ ಹೊಡೆಯಬೇಡಿ, ದುಂಬಿಯ ಚಿಪ್ಪಿನ ಮೇಲೆ ಬಿಳಿ ಕಲೆ ಉಳಿಯುತ್ತದೆ. ಟಿವಿ ಡಬ್ಬಿಯಲ್ಲಿ ಬರುವ ತೆಳು ಬಿಳಿ ಫೋಮ್ ಹಾಳೆಯನ್ನು ಮುಂದೆ ಕಟ್ಟಿ. ಫ್ಲ್ಯಾಶ್‌ಗಿಂತ ಅಗಲವಿರಲಿ, ಹುಳಕ್ಕೆ ಆದಷ್ಟು ಹತ್ತಿರವಿರಲಿ. ಲೆನ್ಸ್ ಸುತ್ತ ಕೂರುವ ರಿಂಗ್ ಫ್ಲ್ಯಾಶ್ ನನಗಂತೂ ಸೇರದು, ಕಣ್ಣಲ್ಲೆಲ್ಲ ಬಳೆ ಕಾಣುತ್ತದೆ.

ಹುಳ ನಿಲ್ಲಲಿ ಎಂದು ಫ್ರಿಜ್‌ನಲ್ಲಿಟ್ಟು ತೆಗೆಯುವವರೂ ಇದ್ದಾರೆ. ದಯವಿಟ್ಟು ಬೇಡ. ಬಿಸಿಲೇರುವ ಮುಂಚೆ ತೋಟಕ್ಕೆ ಹೋಗಿ. ಮೈ ಬೆಚ್ಚಗಾಗುವ ತನಕ ಏರೋಪ್ಲೇನ್ ಚಿಟ್ಟೆಯೂ ಸಲೀಸಾಗಿ ಹಾರದು.