ಹೊಸ ರ‍್ಯಾಲಿ ಚಾಲಕರನ್ನು ನಾನು ಅಳೆಯುವ ಬಗೆ

ಹೊಸಬರು ಎಷ್ಟು ಜೋರಾಗಿ ಓಡಿಸುತ್ತಾರೆ ಅನ್ನೋದನ್ನು ನಾನು ಕೊನೆಗೆ ನೋಡುತ್ತೇನೆ. ಒಂದೇ ತಿರುವಿಗೆ ಐದು ಸಲ ಬಂದರೆ ಐದು ಸಲವೂ ಒಂದೇ ಕಡೆ ಬ್ರೇಕ್ ಒತ್ತುತ್ತಾರಾ ಅನ್ನೋದು ಮೊದಲು ಬೇಕು.

ಕೊಪ್ಪ, ಬಾಳೆಹೊನ್ನೂರು ಕಡೆಯ ತೋಟದ ಕಚ್ಚಾ ರಸ್ತೆ ಇದಕ್ಕೆ ಹೇಳಿ ಮಾಡಿಸಿದ್ದು. ಮಾಲೀಕರ ಒಪ್ಪಿಗೆ ಪಡೆದು ಎರಡೂ ತುದಿ ಮುಚ್ಚಿದ ಎರಡೂವರೆ ಕಿಲೋಮೀಟರ್ ಸಾಕು. ರೋಲ್ ಕೇಜ್ (ಕಾರು ಮಗುಚಿದರೆ ಒಳಗಿನವರನ್ನು ಕಾಯುವ ಕಬ್ಬಿಣದ ಚೌಕಟ್ಟು), ಹೆಲ್ಮೆಟ್, ಬೆಂಕಿ ಆರಿಸುವ ಸಿಲಿಂಡರ್, ಆಂಬುಲೆನ್ಸ್ ಇಲ್ಲದೆ ಇಂಜಿನ್ ಶುರು ಮಾಡಿಸುವುದಿಲ್ಲ. ಕಾರು, ಟೈರು ಬದಲಿಸಬಾರದು. ಟೈರ್ ಬಿಸಿಯಾದಂತೆ ಒಳಗಿನ ಒತ್ತಡ ಏರುವುದರಿಂದ ಪ್ರತಿ ಓಟದ ಮುಂಚೆ ಗಾಳಿ ನೋಡಿ ಸಮ ಮಾಡಬೇಕು.

ಮೊದಲ ಓಟ ಲೆಕ್ಕಕ್ಕಿಲ್ಲ. ಮುಂದಿನ ಐದಕ್ಕೆ ಅರ್ಧದಲ್ಲೊಮ್ಮೆ, ಕೊನೆಗೊಮ್ಮೆ ಸಮಯ ಹಿಡಿಯುತ್ತೇನೆ. ಎರಡೂವರೆ ನಿಮಿಷದ ಓಟದಲ್ಲಿ ಐದೂ ಸಮಯದ ನಡುವಿನ ಅಂತರ ಎರಡು ಸೆಕೆಂಡಿನೊಳಗೆ ಇದ್ದರೆ ನನಗೆ ಭರವಸೆ. ಒಂದು ಸಲ ಅಮೋಘ, ಮತ್ತೊಂದು ಸಲ ಏಳು ಸೆಕೆಂಡ್ ತಡ ಅಂದರೆ ಆ ಅಮೋಘ ಸಮಯವೂ ಅದೃಷ್ಟದ್ದೇ. ಹೋಲಿಕೆಗೆ ಅದೇ ದಿನ ಅದೇ ಕಾರಿನಲ್ಲಿ ಪಳಗಿದ ಒಬ್ಬರನ್ನು ಓಡಿಸಿ. ಏಷ್ಯಾ ಪೆಸಿಫಿಕ್ ರ‍್ಯಾಲಿ ಪ್ರಶಸ್ತಿಯನ್ನು 2013, 2016, 2017ರಲ್ಲಿ ಗೆದ್ದ ಗೌರವ್ ಗಿಲ್ ಅವರ ವೇಗದ ಪಕ್ಕ ಹೊಸಬರನ್ನು ನಿಲ್ಲಿಸಿದರೆ ಏನೂ ತಿಳಿಯುವುದಿಲ್ಲ.

ಆಮೇಲೆ ತಿರುವಿಗೆ ನಡೆದು ಹೋಗುತ್ತೇನೆ. ಇದೇ ನನಗೆ ಬಲು ಇಷ್ಟದ ಕೆಲಸ. ಬ್ರೇಕ್ ಬಿದ್ದ ಜಾಗದಲ್ಲಿ ಚಕ್ರದ ಮುಂದೆ ಜಲ್ಲಿ ಗುಪ್ಪೆಯಾಗಿರುತ್ತದೆ. ಅಂಚಿನಲ್ಲಿ ಸುಣ್ಣದ ಪುಡಿಯಿಂದ ಗುರುತು ಹಾಕಿ, ಹಿಡಿಸೂಡಿಯಿಂದ ಗುಡಿಸಿ ಮುಂದಿನ ಓಟಕ್ಕೆ ಬಿಡಬೇಕು. ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ ಅರ್ಧ ಸೆಕೆಂಡ್ ತಡವಾದರೆ 11 ಮೀಟರ್ ಮುಂದೆ ಹೋದಂತೆ. ಸುಣ್ಣದ ಗುರುತುಗಳು ಅಷ್ಟು ಚದುರಿದ್ದರೆ ಕಣ್ಣು ಇನ್ನೂ ರಸ್ತೆಗೆ ಕೂತಿಲ್ಲ.

ಹೊರಗಿನ ಮುಂಚಕ್ರ ಅಗಲವಾಗಿ ಉಜ್ಜಿ, ಹೊರಬದಿಗೆ ಮಣ್ಣು ರಾಶಿ ಹಾಕಿದ್ದರೆ ಮೂತಿ ಜಾರಿದೆ. ಮುಂಚಕ್ರ ಎಳೆಯುವ ಕಾರಿನಲ್ಲಿ ಇದು ಹೊಸಬರ ಖಾಯಂ ತಪ್ಪು. ಬ್ರೇಕನ್ನು ಪೂರ್ತಿ ಬಿಟ್ಟು ಆಮೇಲೆ ತಿರುಗಿಸುತ್ತಾರೆ, ಮುಂದಿನ ಭಾರ ಹಿಂದಕ್ಕೆ ಹೋಗಿ ಹಿಡಿತ ತಪ್ಪುತ್ತದೆ. ಗಾಬರಿಗೆ ಸ್ಟೇರಿಂಗ್ ಇನ್ನಷ್ಟು ತಿರುಗಿಸಿದರೆ ಮತ್ತೂ ಜಾರುತ್ತದೆ. ಸ್ಟೇರಿಂಗ್ ಒಂಚೂರು ಸಡಿಲಿಸಿ, ತಿರುವಿನ ಒಳಗೂ ಎಡಗಾಲಿನಿಂದ ಬ್ರೇಕನ್ನು ಹಗುರವಾಗಿ ಒತ್ತಿಕೊಂಡಿರಬೇಕು. ಅಭ್ಯಾಸದಿಂದ ಬರುವ ವಿದ್ಯೆ ಇದು. ಹಾಗಾಗಿ ಇದೊಂದು ಬಾರದಿದ್ದರೆ ಯಾರನ್ನೂ ಕೈಬಿಡಬಾರದು.

ಪೇಸ್ ನೋಟ್ಸ್, ಅಂದರೆ ದಾರಿಯ ಪ್ರತಿ ತಿರುವು ಹೇಗಿದೆ ಅನ್ನುವ ಟಿಪ್ಪಣಿ, ಬರೆಯಲು ನಿಧಾನ ವೇಗದಲ್ಲಿ ಎರಡು ಸುತ್ತು ಕೊಡುತ್ತೇನೆ. ಸಿಲ್ವರ್ ಓಕ್ ನೆರಳಿನಲ್ಲಿ ಇಬ್ಬನಿ ಬೇಗ ಆರುವುದಿಲ್ಲ, ಅಲ್ಲಿ ಕೆಂಪು ಮಣ್ಣು ಸೋಪಿನ ಹಾಗೆ. ಅಂಥ ಕಡೆ ‘ಜಾರು’ ಅಂತ ಬರೆದುಕೊಂಡಿದ್ದಾರಾ? ವಾರ ಬಿಟ್ಟು ಹಳೆಯ ಪುಸ್ತಕ ಕೊಡದೆ ಮತ್ತೆ ಬರೆಸಿದಾಗ ‘ಎಡ ನಾಲ್ಕು’ ಹೋಗಿ ‘ಎಡ ಮೂರು’ ಆಗಿದ್ದರೆ (ಅಂಕಿ ತಿರುವು ಎಷ್ಟು ಕಡಿದು ಅನ್ನೋದಕ್ಕೆ) ಅವರ ಅಳತೆಗೋಲೇ ಅಲುಗಾಡುತ್ತಿದೆ. ಮುಂದೆ ಕಾಣದ ದಿಬ್ಬದ ಹತ್ತಿರ ಸುರಕ್ಷಿತ ದೂರದಲ್ಲಿ ನಿಂತು ಕಿವಿಗೊಡಿ. ನೋಟ್ಸಿನಲ್ಲಿ ‘ಫುಲ್’ (ಆಕ್ಸಿಲರೇಟರ್ ಪೂರ್ತಿ ಒತ್ತು) ಅಂತಿದ್ದೂ ಇಂಜಿನ್ ಸದ್ದು ಇಳಿದರೆ ತಾವೇ ಬರೆದದ್ದರ ಮೇಲೆ ನಂಬಿಕೆ ಇಲ್ಲ.

ಭವಿಷ್ಯ ಹೇಳುವ ಪರೀಕ್ಷೆ ಕಾರು ನಿಂತ ಮೇಲೆ. ಗಡಿಯಾರ ತೋರಿಸುವ ಮುಂಚೆ ಕೇಳುತ್ತೇನೆ: “ಟೈಮ್ ಎಲ್ಲಿ ಹೋಯ್ತು?” ಉತ್ತರ ಅರ್ಧದ ಸಮಯಕ್ಕೆ ತಾಳೆಯಾದರೆ ಅವರಿಗಾಗಿ ಎಷ್ಟು ದಿನ ಬೇಕಾದರೂ ಕೊಡುತ್ತೇನೆ. ಟೈರು, ಸೆಟಪ್ಪು, ಧೂಳು ಅಂತ ಶುರುವಾದರೆ ಅದೇ ತಿರುವಿಗೆ ಮತ್ತೆ ಕಳಿಸುತ್ತೇನೆ, ಈ ಸಲ ಕಾರಿನಲ್ಲಲ್ಲ, ಸುಣ್ಣದ ಗುರುತು ನೋಡಲು ನಡೆದುಕೊಂಡು.